ಬಿಸಿಲಿಗೆ ಬಗ್ಗದ ಮದ್ದು

"ಇನ್ನು ಮುಂದೆ ಒಂದೇ ಪೌಡರ್" ಎಂದು ಮುದೀರ್ ಹೇಳಿದ ದಿನ ನನ್ನ ಸ್ಟೋರಿನ ಕಪಾಟಿನಲ್ಲಿ ಏಳು ಬಗೆಯವು ಇದ್ದವು. ಮುದೀರ್ ಎಂದರೆ ನಮ್ಮ ಶೂಟಿಂಗ್ ಕ್ಲಬ್ಬಿನ ಮ್ಯಾನೇಜರ್. ಅರಬರು, ಅಬುಧಾಬಿ ನಾಡಿನವರೇ, ಮಾತು ಕಡಿಮೆ. ಅವರು ಪೌಡರ್ ಎಂದದ್ದು ರೈಫಲ್ ತೋಟಾದೊಳಗೆ ತುಂಬುವ ಮದ್ದಿಗೆ. ತಪಾಸಣೆಗೆ ಬಂದವರು ನಮ್ಮ ಮದ್ದಿನ ಕೋಣೆಯನ್ನು ನೋಡಿ, ಇಷ್ಟೊಂದು ಬಗೆ ಬೇಡ, ಒಂದನ್ನು ಆರಿಸಿಕೊಳ್ಳಿ, ಅದಕ್ಕೆ ಮಾತ್ರ ಪರ್ಮಿಟ್ ಎಂದು ಹೇಳಿ ಹೋಗಿದ್ದರು. ಅರ್ಜಿಗೆ ಎರಡು ಸಹಿ ಬೇಕಿತ್ತು. ಒಂದು ರೇಂಜಿನ ಚೀಫ್‌ದು. ಇನ್ನೊಂದು ಸ್ಟೋರ್ ಇನ್‌ಚಾರ್ಜ್‌ದು, ಎಂದರೆ ನನ್ನದು.

ತೊಂಬತ್ತರ ದಶಕದ ಕೊನೆಯ ಮಾತು ಇದು. ಅಬುಧಾಬಿಯಿಂದ ದುಬೈಗೆ ಹೋಗುವ ರಸ್ತೆಯಲ್ಲಿ ಒಂದು ಕಡೆ ಒಳಕ್ಕೆ ತಿರುಗಿದರೆ, ಮರಳಿನ ನಡುವೆ ನಮ್ಮ ಕ್ಲಬ್ಬು. ನನ್ನನ್ನು ಅಲ್ಲಿ ತೆಗೆದುಕೊಂಡದ್ದು ಸೆಕ್ರೆಟರಿ ಕೆಲಸಕ್ಕೆ. ಕಾನ್ವೆಂಟ್ ಇಂಗ್ಲಿಷ್, ನೀಟ್ ಟೈಪಿಂಗ್, ಅಷ್ಟೇ ಅವರಿಗೆ ಬೇಕಿದ್ದದ್ದು. ತೋಟಾ ತುಂಬುವ ಕೋಣೆ ನನ್ನ ಕೈಗೆ ಬಂದದ್ದು ಆಮೇಲೆ, ಅದನ್ನು ನೋಡಿಕೊಳ್ಳುತ್ತಿದ್ದವರು ಊರಿಗೆ ಹೋಗಿ ವಾಪಸು ಬಾರದಿದ್ದಾಗ. ಹಾರಿಸಿದ ತೋಟಾದ ಖಾಲಿ ಹಿತ್ತಾಳೆ ಕೇಸೊಂದರ ಬಾಯಿ ಸೀಳಿದ್ದನ್ನು ನಾನು ಬರೀ ಬೆರಳಿನಿಂದ ಸವರಿ ಹೇಳಿದ್ದನ್ನು ಮುದೀರ್ ನೋಡಿದ್ದರು. "ವೇರ್ ಡಿಡ್ ಯು ಲರ್ನ್ ದಿಸ್?" ಎಂದು ಕೇಳಿದರು. "ಡೈನಿಂಗ್ ಟೇಬಲ್ ಮೇಲೆ, ಸರ್" ಎಂದೆ.

ಸುಳ್ಳಲ್ಲ. ಕೊಡಗಿನಲ್ಲಿ ನಮ್ಮ ಮನೆಯ ಊಟದ ಮೇಜಿನ ಮೇಲೆ ಅಪ್ಪ ಭಾನುವಾರ ಕೋವಿಯ ತೋಟಾ ತುಂಬುತ್ತಿದ್ದರು, ಆಲಿಕೆ ಹಿಡಿಯುವುದು ನಾನು. ಕೈಲ್‌ಪೋದ್ ಹಬ್ಬದ ದಿನ ಕೋವಿಗಳಿಗೆ ಹೂವಿಟ್ಟು ಪೂಜೆ ಮಾಡುವ ಮನೆಯಲ್ಲಿ ಹೆಣ್ಣುಮಗಳಿಗೂ ಮದ್ದಿನ ವಾಸನೆ ಗೊತ್ತಿರುತ್ತದೆ. ಮದ್ದು, ಕೇಪು, ತೋಟಾ ಎಲ್ಲ ಇರುತ್ತಿದ್ದ ಮರದ ಪೆಟ್ಟಿಗೆಗೆ ನಮ್ಮಲ್ಲಿ ಮದ್ದಿನ ಪೆಟ್ಟಿಗೆ ಎಂದೇ ಹೆಸರು. ಸೋಮವಾರ ಕಾನ್ವೆಂಟಿಗೆ ಹೋಗಿ ಆ ಮಾತನ್ನು ಬಾಯಿತಪ್ಪಿ ಆಡಿದರೆ ಸಿಸ್ಟರ್ ಕೊರಳಿಗೆ ಒಂದು ಮರದ ಹಲಗೆ ತೂಗು ಹಾಕುತ್ತಿದ್ದರು. ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದ್ದಕ್ಕೆ ಶಿಕ್ಷೆ. ಬೇರೆ ಯಾರಾದರೂ ತಪ್ಪಿ ಮಾತಾಡಿ ಸಿಕ್ಕಿಬೀಳುವ ತನಕ ಅದು ನಮ್ಮ ಕೊರಳಲ್ಲೇ. ಆ ಹಲಗೆ ಎದೆಗೆ ತಾಗುತ್ತಿದ್ದ ಜಾಗ ಇವತ್ತಿಗೂ ನನಗೆ ಗೊತ್ತು. ಸಿಸ್ಟರ್ ಕಲಿಸಿದ ಇಂಗ್ಲಿಷ್ ಅನ್ನ ಕೊಟ್ಟಿತು, ಇಲ್ಲ ಎನ್ನುವುದಿಲ್ಲ.

ಮದ್ದು ಆರಿಸುವುದು ಸೌದೆ ಆರಿಸಿದ ಹಾಗೆ. ತೆಂಗಿನ ಗರಿ ಭಗ್ಗೆಂದು ಉರಿದು ಮುಗಿಯುತ್ತದೆ. ಹಲಸಿನ ಕೊರಡು ನಿಧಾನ. ನಮ್ಮಲ್ಲಿ ಸಣ್ಣ ತೋಟಾದ ಪ್ರಾಕ್ಟೀಸ್ ರೈಫಲ್ ಇತ್ತು, ದೊಡ್ಡ ತೋಟಾದ ಮ್ಯಾಚ್ ರೈಫಲ್ ಇತ್ತು. ಬೇಗ ಉರಿಯುವ ಮದ್ದನ್ನು ದೊಡ್ಡದಕ್ಕೆ ಹಾಕಿದರೆ ಗುಂಡು ನಳಿಗೆಯಲ್ಲಿ ಸರಿಯಾಗಿ ಮುಂದೆ ಸರಿಯುವ ಮೊದಲೇ ಒತ್ತಡ ಏರುತ್ತದೆ. ನಿಧಾನದ್ದನ್ನು ಸಣ್ಣದಕ್ಕೆ ಹಾಕಿದರೆ ಅರ್ಧ ಉರಿಯದೆ ನಳಿಗೆಯಲ್ಲಿ ಕರಿಕಾಳಾಗಿ ಉಳಿಯುತ್ತದೆ. ಎರಡಕ್ಕೂ ಹೊಂದುವ ನಡುವಿನದು ಬೇಕು. ಪುಸ್ತಕಗಳನ್ನು ತಿರುವಿ ಹಾಕಿ, ಏಳರಲ್ಲಿ ಐದನ್ನು ಬದಿಗಿಟ್ಟೆ. ಎರಡು ಉಳಿದವು.

ಒಂದು ಸಣ್ಣ ಉರುಟು ಕಾಳಿನದು, ಥೇಟ್ ಗಸಗಸೆ. ಆ ದೇಶದಲ್ಲಿ ಗಸಗಸೆಯೂ ಅಫೀಮಿನ ಲೆಕ್ಕ, ತರುವ ಹಾಗಿಲ್ಲ, ಸೂಟ್‌ಕೇಸಿನಲ್ಲಿ ಸಿಕ್ಕರೆ ಜೈಲು. ಊರಿಂದ ಬರುವವರಿಗೆಲ್ಲ ನಾವು ಮೊದಲು ಹೇಳುತ್ತಿದ್ದ ಬುದ್ಧಿಮಾತು ಅದು. "ಗಸಗಸೆ ತಂದರೆ ಜೈಲು, ಗಸಗಸೆಯಂಥ ಮದ್ದು ತಂದರೆ ಪರ್ಮಿಟ್, ಒಳ್ಳೆ ದೇಶ" ಎಂದು ನನ್ನ ಗಂಡ ನಗುತ್ತಿದ್ದರು. ಇನ್ನೊಂದು, ಪೆನ್ಸಿಲ್ ಸೀಸವನ್ನು ಚೂರು ಚೂರು ಕತ್ತರಿಸಿದ ಹಾಗಿನ ಕಡ್ಡಿ ಮದ್ದು.

ಗಸಗಸೆ ಮದ್ದು ಅಳತೆಯ ಯಂತ್ರದಲ್ಲಿ ನೀರಿನ ಹಾಗೆ ಇಳಿಯುತ್ತದೆ. ಹಿಡಿಕೆ ಎಳೆ, ಬಿಡು, ಎಳೆ, ಬಿಡು. ಪ್ರತಿಸಲವೂ ಅಷ್ಟೇ ತೂಕ. ಕಡ್ಡಿ ಮದ್ದು ಹಾಗಲ್ಲ. ಹಿಡಿಕೆ ಎಳೆದಾಗ ಒಂದು ಕಡ್ಡಿ ಅಡ್ಡ ಸಿಕ್ಕಿ ಕರಕ್ ಎಂದು ಕತ್ತರಿಸುತ್ತದೆ. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ತಕ್ಕಡಿಯಲ್ಲಿ ತೂಗಿ, ಚಿಟಿಕೆಯಷ್ಟು ಸೇರಿಸಿ, ತೆಗೆದು, ಮತ್ತೆ ತೂಗಬೇಕು. ನಿಧಾನದ ಕೆಲಸ.

ಚೀಫ್‌ಗೆ ಗಸಗಸೆಯೇ ಬೇಕಿತ್ತು. ಅವರು ಇಂಗ್ಲಿಷರ ಸೈನ್ಯದಲ್ಲಿದ್ದು ಬಂದವರು. ಕೆಂಪು ಮುಖ, ಇಸ್ತ್ರಿ ಮಾಡಿದ ಷಾರ್ಟ್ಸ್, ಕೆಲಸದಲ್ಲಿ ಕಟ್ಟುನಿಟ್ಟು. ಕೆಟ್ಟವರಲ್ಲ. ಚಳಿಗಾಲದಲ್ಲಿ ದೊಡ್ಡ ಮ್ಯಾಚ್ ಇತ್ತು, ರಾಶಿ ತೋಟಾ ಬೇಕಿತ್ತು.

"ವೇಲ್ಸ್‌ನಲ್ಲಿ ನಾನು ಜೀವನವಿಡೀ ಇದನ್ನೇ ಹಾರಿಸಿದ್ದೇನೆ, ಮೇಡಂ" ಎಂದರು.

"ವೇಲ್ಸ್‌ನಲ್ಲಿ ಬಿಸಿಲು ಬಂದರೆ ಪೇಪರಿನಲ್ಲಿ ಹಾಕುತ್ತಾರಂತೆ, ಚೀಫ್" ಎಂದೆ.

ಅವರು ನಗಲಿಲ್ಲ.

ಮೊದಲ ಟೆಸ್ಟ್ ಮೇ ತಿಂಗಳ ಒಂದು ಬೆಳಗಿನ ತಂಪಿನಲ್ಲಿ. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದೆವು. ಗುಂಡಿನ ನೆರಳು ಎರಡು ಕಣ್ಣುಗಳ ಮೇಲೆ ಹಾದರೆ ಅದು ವೇಗ ತೋರಿಸುತ್ತದೆ. ಮರಳಿನ ಬೆಳಕಿಗೆ ಆ ಕಣ್ಣುಗಳು ಕುರುಡಾಗಿ, ಬರೀ 'ಎರರ್' ಎಂದು ತೋರಿಸತೊಡಗಿದವು. ಚೀಫ್ ಬೈದುಕೊಂಡು ತಂತಿಗಳನ್ನು ಬಿಚ್ಚಿ ಬಿಚ್ಚಿ ಸಿಕ್ಕಿಸಿದರು. ನನ್ನ ಟಿಫಿನ್ನಿನಲ್ಲಿ ಚಪಾತಿ ಸುತ್ತಿದ್ದ ಬಟರ್ ಪೇಪರ್ ಇತ್ತು. ಅದನ್ನು ಎರಡು ತುಂಡು ಮಾಡಿ ಕಣ್ಣುಗಳ ಮೇಲೆ ಮಾಡು ಕಟ್ಟಿದ ಹಾಗೆ ಅಂಟಿಸಿದೆ. ಬೆಳಕು ಸೋಸಿ ಬಂತು, ಅಂಕಿಗಳೂ ಬಂದವು. ನಿಜ ಹೇಳಬೇಕೆಂದರೆ ಆವತ್ತು ಗಸಗಸೆಯೇ ಗೆದ್ದಿತು. ಅದರ ವೇಗಗಳು ಒಂದಕ್ಕೊಂದು ಅಂಟಿಕೊಂಡ ಹಾಗೆ ಇದ್ದವು. ಕಡ್ಡಿ ಮದ್ದಿನದು ಸ್ವಲ್ಪ ಮೇಲೆ ಕೆಳಗೆ.

"ಸೆಟಲ್ಡ್" ಎಂದು ಚೀಫ್ ಪೆನ್ನು ತೆಗೆದರು.

"ಮಧ್ಯಾಹ್ನದ ಬಿಸಿಯಲ್ಲೂ ನೋಡೋಣ, ಚೀಫ್. ಕೆಲವು ಮದ್ದು ಬಿಸಿಗೆ ಕೆರಳುತ್ತವೆ."

"ತೋಟಾಗಳು ಎಸಿಯಲ್ಲೇ ಇರುತ್ತವೆ. ಹಾಗೆಂದು ನಿಯಮ ಇದೆ. ನಿಯಮ ಬರೆದವನು ನಾನು. ನೋಬಡಿ ಕುಕ್ಸ್ ಅಮ್ಯುನಿಷನ್, ಮೇಡಂ. ನಿಮ್ಮ ಕಿಚನ್ ಅಲ್ಲ ಇದು."

ಕಿಚನ್ ಎಂಬ ಮಾತು ನನ್ನನ್ನು ಚುಚ್ಚಿತು. ಆದರೆ ಸಹಿ ಹಾಕದೆ ಉಳಿದದ್ದು ಅದಕ್ಕಲ್ಲ. ಅಪ್ಪ ಬಿಸಿಲಲ್ಲಿಟ್ಟ ತೋಟಾ ಮುಟ್ಟಲು ಬಿಡುತ್ತಿರಲಿಲ್ಲ. ಕಾರಣ ಕೇಳಿದರೆ, "ಮದ್ದು ಸಿಟ್ಟಿನಲ್ಲಿದೆ" ಎನ್ನುತ್ತಿದ್ದರು. ಅಷ್ಟೇ ನನಗಿದ್ದ ಆಧಾರ, ಅದನ್ನು ಇಂಗ್ಲಿಷಿನಲ್ಲಿ ಹೇಳಿದರೆ ಮಕ್ಕಳ ಮಾತಿನ ಹಾಗೆ ಕೇಳಿಸುತ್ತಿತ್ತು. ಇನ್ನೊಂದು ಬೆಳಗಿನ ಟೆಸ್ಟ್ ಆಗಲಿ, ಆಮೇಲೆ ಸಹಿ ಎಂದೆ. ಅಷ್ಟಕ್ಕೆ ಒಪ್ಪಿದರು.

ಎರಡನೆಯ ಟೆಸ್ಟಿನ ದಿನ ಹೊಸದಾಗಿ ತುಂಬಿದ ತೋಟಾಗಳನ್ನು ಮರದ ಪೆಟ್ಟಿಗೆಯಲ್ಲಿಟ್ಟು ವ್ಯಾನಿನಲ್ಲಿ ಫೈರಿಂಗ್ ಪಾಯಿಂಟಿಗೆ ಕಳಿಸಿದೆ. ಆಫೀಸಿನಿಂದ ಅದು ಒಳಗೆ, ಮರಳುದಿಬ್ಬದ ಆಚೆ. ವ್ಯಾನ್ ಓಡಿಸುತ್ತಿದ್ದವರು ಉಡುಪಿ ಕಡೆಯವರು. ಮೊದಲು ದುಬೈನ ಮುಹೈಸ್ನಾದ ಕ್ಯಾಂಪಿನಿಂದ ಕೆಲಸಗಾರರ ಬಸ್ ಓಡಿಸುತ್ತಿದ್ದು, ಆಗಷ್ಟೇ ನಮ್ಮಲ್ಲಿಗೆ ಸೇರಿದ್ದರು. ನನ್ನನ್ನು ಅಕ್ಕ ಎನ್ನುತ್ತಿದ್ದರು. ನಾನು ಹೊರಡುವಷ್ಟರಲ್ಲಿ ಮುದೀರ್ ಕಡೆಯ ಅತಿಥಿಗಳು ಬಂದರು, ಟೆಸ್ಟ್ ಮಧ್ಯಾಹ್ನದ ಮೇಲಕ್ಕೆ ಹೋಯಿತು. ವಾಕಿಟಾಕಿಯಲ್ಲಿ ಡ್ರೈವರ್‌ಗೆ ಹೇಳಿದೆ.

"ವ್ಯಾನಲ್ಲಿರುವ ಮದ್ದಿನ ಪೆಟ್ಟಿಗೆ ಎಸಿ ಕ್ಯಾಬಿನಿನೊಳಗೆ ಇಡಿ, ಬಿಸಿಯಾಗಬಾರದು."

"ಆಯ್ತು ಅಕ್ಕ, ಈಗಲೇ."

ಊಟ ಮುಗಿಸಿ ನಾನೂ ಚೀಫೂ ಅಲ್ಲಿಗೆ ಹೋದೆವು. ಎಸಿ ಕ್ಯಾಬಿನಿನ ಮೇಜಿನ ಮೇಲೆ ಫಸ್ಟ್ ಏಡ್ ಬಾಕ್ಸ್ ಇತ್ತು. ಧೂಳು ಒರೆಸಿ, ಕೆಳಗೆ ಬಟ್ಟೆ ಹಾಸಿ ಇಟ್ಟಿದ್ದರು. ಅದರ ಮೇಲೆ, ಎರಡು ದಿನದಿಂದ ನಾನು ಹುಡುಕುತ್ತಿದ್ದ ನನ್ನ ಬಿಪಿ ಮಾತ್ರೆಯ ಪಟ್ಟಿ.

"ಪೆಟ್ಟಿಗೆ ಎಲ್ಲಿ?"

"ಇದೇ ಅಲ್ವಾ ಅಕ್ಕ? ನಿಮ್ಮ ಗುಳಿಗೆ ಸಹ ಸೀಟಿನ ಕೆಳಗೆ ಬಿದ್ದಿತ್ತು, ತಂದೆ. ಬಿಸಿಗೆ ಮದ್ದು ಹಾಳಾಗ್ತದೆ ಅಂತ ನನಗೂ ಗೊತ್ತುಂಟು."

"ಅಯ್ಯೋ, ಮದ್ದು ಅಂದ್ರೆ ಕೋವಿಗೆ ಹಾಕುವ ಮದ್ದು ಮಾರಾಯರೇ!"

ಅವರ ಮುಖ ಬಿಳಿಚಿತು. "ಅದನ್ನು ಎಲ್ಲರೂ ಪೌಡರ್ ಅಂತಾರಲ್ಲ ಅಕ್ಕ ಇಲ್ಲಿ. ನೀವು ಕನ್ನಡದಲ್ಲಿ ಹೇಳಿದ್ರಿ. ಕನ್ನಡದಲ್ಲಿ ಮದ್ದು ಅಂದ್ರೆ ಮತ್ತೆಂತ, ಹುಷಾರಿಲ್ಲದಾಗ ತಗೊಳ್ಳುವುದು."

ಚೀಫ್‌ಗೆ ಒಂದು ಅಕ್ಷರ ಅರ್ಥವಾಗಲಿಲ್ಲ. ನಾವಿಬ್ಬರೂ ವ್ಯಾನಿನ ಕಡೆ ಓಡಿದ್ದು ಮಾತ್ರ ಅರ್ಥವಾಯಿತು. ಕಿಟಕಿ ಮುಚ್ಚಿದ ವ್ಯಾನು, ನಡು ಮಧ್ಯಾಹ್ನ. ಬಾಗಿಲು ತೆಗೆದಾಗ ಒಲೆಯ ಬಾಯಿ ತೆಗೆದ ಹಾಗಾಯಿತು. ಪೆಟ್ಟಿಗೆಯ ಕಬ್ಬಿಣದ ಮೂಲೆ ತಾಗಿ ನನ್ನ ಬೆರಳು ಚುರ್ರೆಂದಿತು.

"ಎಲ್ಲವನ್ನೂ ಎಸೆಯಿರಿ. ಖಲಾಸ್" ಎಂದರು ಚೀಫ್.

ನಾನು ಪೆಟ್ಟಿಗೆಯ ಮುಂದೆ ನಿಂತೆ. "ಎಸೆಯುವುದಿಲ್ಲ. ಹಾರಿಸೋಣ."

"ಆರ್ ಯು ಮ್ಯಾಡ್?"

"ನಿಮ್ಮ ನಿಯಮ ಇದ್ದರೂ, ಎಚ್ಚರ ಇದ್ದರೂ, ಒಂದು ಶಬ್ದಕ್ಕೆ ತೋಟಾ ಬೆಂದು ಹೋಯಿತು, ಚೀಫ್. ನೋಬಡಿ ಕುಕ್ಸ್ ಎಂದಿರಿ. ನಾವೇ ಕುಕ್ ಮಾಡಿದ್ದೇವೆ, ನೋಡಿ. ನಾಳೆ ಯಾವ ಮೆಂಬರ್ ಕಾರಿನಲ್ಲಿಟ್ಟು ಊಟಕ್ಕೆ ಹೋಗುತ್ತಾರೋ! ನಿಮ್ಮ ಮದ್ದು ಸುರಕ್ಷಿತ ಎಂದಾದರೆ ಹಾರಿಸಲು ಹೆದರಿಕೆ ಏಕೆ? ಹೆದರಿಕೆ ಇದ್ದರೆ ಅದಕ್ಕೆ ನಾನು ಸಹಿ ಹೇಗೆ ಹಾಕಲಿ?"

 ಚೀಫ್ ರೈಫಲನ್ನು ಕಬ್ಬಿಣದ ಸ್ಟ್ಯಾಂಡಿಗೆ ಬಿಗಿಯತೊಡಗಿದರು. ಯಾರೂ ಅದಕ್ಕೆ ಕೆನ್ನೆ ಒರಗಿಸುವ ಹಾಗಿಲ್ಲ. ಕುದುರೆಗೆ, ಎಂದರೆ ಟ್ರಿಗರಿಗೆ, ಉದ್ದದ ಹಗ್ಗ ಕಟ್ಟಿ, ಮರಳುಚೀಲದ ಗೋಡೆಯ ಹಿಂದಿನಿಂದ ಎಳೆಯುವುದು. ಆ ವ್ಯವಸ್ಥೆ ಮಾಡಿದ್ದು ಚೀಫೇ, ಅದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ.

ಮೊದಲು ಕಡ್ಡಿ ಮದ್ದಿನವು. ಸಣ್ಣ ರೈಫಲಿನಲ್ಲಿ ಅಂಕಿ ಮೊದಲ ಟೆಸ್ಟಿನದಕ್ಕಿಂತ ಒಂದಿಷ್ಟೇ ಮೇಲೆ. ದೊಡ್ಡದರಲ್ಲೂ ಹಾಗೇ. ಖಾಲಿ ಕೇಸ್ ಹೊರತೆಗೆಯುವ ಬೋಲ್ಟ್ ಬೆಣ್ಣೆಯ ಹಾಗೆ ತೆರೆಯಿತು. 

ಆಮೇಲೆ ಗಸಗಸೆ. ಸಣ್ಣ ರೈಫಲಿನಲ್ಲೇ ಅಂಕಿ ಜಿಗಿಯಿತು. "ಯಂತ್ರಕ್ಕೆ ಬಿಸಿಲು ಹೊಡೆದಿರಬೇಕು" ಎಂದರು ಚೀಫ್. ಬಟರ್ ಪೇಪರ್ ಸರಿಮಾಡಿ ಬಂದೆ. ದೊಡ್ಡ ರೈಫಲಿಗೆ ಹಾಕಿ ಹಗ್ಗ ಎಳೆದೆವು. ಸದ್ದೇ ಬೇರೆ ಇತ್ತು, ಗಡುಸಾಗಿತ್ತು. ಬೋಲ್ಟ್ ಎತ್ತಲು ಬಲ ಹಾಕಬೇಕಾಯಿತು. ಇನ್ನೊಂದು ಎಂದರು ಚೀಫ್. ಅದು ಹಾರಿದ ಮೇಲೆ ಬೋಲ್ಟ್ ತೆರೆಯಲೇ ಇಲ್ಲ. ಚೀಫ್ ರಬ್ಬರ್ ಸುತ್ತಿಗೆಯಿಂದ ಬಡಿದು ಬಡಿದು ತೆರೆದರು. ಹೊರಬಂದ ಕೇಸನ್ನು ಅವರೇ ಎತ್ತಿ ನೋಡಿದರು. ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್ ಚಪ್ಪಟೆಯಾಗಿ ಹಿತ್ತಾಳೆಯೊಂದಿಗೆ ಒಂದಾಗಿ ಹೋಗಿತ್ತು, ಸುತ್ತ ಹೊಗೆಯ ಕರಿ ಉಂಗುರ. ಸುಡುವ ಗ್ಯಾಸ್ ಹಿಂದಕ್ಕೆ ಸೋರಿದ ಗುರುತು ಅದು. ಹಿಂದೆ ಎಂದರೆ ಹಾರಿಸುವವನ ಕಣ್ಣು ಇರುವ ಕಡೆ.

"ಸಾಕು" ಎಂದೆ. ಅವರೂ ಹಗ್ಗ ಬಿಟ್ಟರು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮುಗಿಯಲಿಲ್ಲ. ಸಂಜೆ ಚೀಫ್ ನನ್ನ ಮೇಜಿಗೆ ಬಂದು ಟೈಪ್ ಮಾಡಲು ಒಂದು ಕಾಗದ ಕೊಟ್ಟರು. ಅದರಲ್ಲಿ ಬರೆದದ್ದು ಇಷ್ಟು: ತೊಂದರೆ ಮದ್ದಿನದಲ್ಲ, ಡ್ರೈವರ್‌ನದು. ಅಜಾಗರೂಕತೆಗಾಗಿ ಅವನನ್ನು ತೆಗೆಯಬೇಕು. ಎಸಿ ನಿಯಮ ಬಿಗಿ ಮಾಡಿ, ಮ್ಯಾಚಿಗೆ ಬೇಗ ತುಂಬಬಹುದಾದ ಗಸಗಸೆಯನ್ನೇ ತರಿಸಬೇಕು. ತೆಗೆಯುವುದು ಎಂದರೆ ಅಲ್ಲಿ ಒಂದೇ ಮಾತು, ಕ್ಯಾನ್ಸಲ್. ವೀಸಾ ಕ್ಯಾನ್ಸಲ್, ಮನುಷ್ಯ ವಿಮಾನದಲ್ಲಿ.

ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಫ್ಲ್ಯಾಟಿಗೆ ಬಂದು ಗಂಡನಿಗೆ ಹೇಳಿದೆ. ಅವರು ಬ್ಯಾಂಕಿನಲ್ಲಿದ್ದವರು, ಸಹಿ ಹಾಕಿ ಹಾಕಿ ಅಭ್ಯಾಸ.

"ಹಾಕಿ ಬಿಡು ಮಾರಾಯ್ತಿ. ಎಕ್ಸ್‌ಪರ್ಟ್ ಅವರು. ನಮ್ಮದೇನು ಹೋಗ್ತದೆ?"

"ಕಣ್ಣು ಹೋಗ್ತದೆ. ಯಾರದ್ದೋ."

"ನಿನ್ನ ಕೆಲಸ ಹೋದರೆ?"

"ಹೋಗಲಿ. ನಿಮಗೆ ದಿನಾ ಬಿಸಿ ಅಕ್ಕಿರೊಟ್ಟಿ ಸಿಗ್ತದೆ."

"ಹಾಗಾದರೆ ಹಾಕಬೇಡ" ಎಂದರು ಅವರು ಕೂಡಲೇ. ಈಗ ಅವರಿಲ್ಲ. ಆ ಮಾತು ನೆನಪಾದಾಗಲೆಲ್ಲ ನಗು ಬರುತ್ತದೆ.

ಮರುದಿನ ಚೀಫ್ ಕೊಟ್ಟ ಕಾಗದವನ್ನು ಟೈಪ್ ಮಾಡದೆ ಹಾಗೇ ಎತ್ತಿಕೊಂಡು, ಎರಡೂ ಮದ್ದಿನ ಒಂದೊಂದು ಖಾಲಿ ಕೇಸ್ ಹಿಡಿದು ಮುದೀರ್ ಕೋಣೆಗೆ ಹೋದೆ. ಚೀಫ್ ಮೊದಲೇ ಅಲ್ಲಿ ಕೂತಿದ್ದರು. ಡ್ರೈವರನ್ನೂ ಕರೆಸಿದ್ದರು. ಪಾಪ, ಟೊಪ್ಪಿ ಕೈಯಲ್ಲಿ ಹಿಡಿದು ಬಾಗಿಲ ಹತ್ತಿರ ನಿಂತಿದ್ದರು.

ಮುದೀರ್ ಅವರನ್ನೇ ಹಿಂದಿಯಲ್ಲಿ ಕೇಳಿದರು. "ಮೇಡಂ ಏನು ತರಲು ಹೇಳಿದರು?"

"ಮದ್ದು, ಸಾಬ್."

"ನೀನು ಏನು ತಂದೆ?"

"ಮದ್ದು, ಸಾಬ್."

ಮುದೀರ್ ನನ್ನ ಕಡೆ ತಿರುಗಿದರು. ನಾನು ವಿವರಿಸಿದೆ. ನಮ್ಮ ಭಾಷೆಯಲ್ಲಿ ಕಾಯಿಲೆಗೆ ಕೊಡುವುದಕ್ಕೂ ಕೋವಿಗೆ ತುಂಬುವುದಕ್ಕೂ ಒಂದೇ ಶಬ್ದ. ಡ್ರೈವರ್ ಮನೆಮಾತು ತುಳುವಿನಲ್ಲೂ ಹೆಚ್ಚುಕಡಿಮೆ ಹಾಗೇ.

ಮುದೀರ್ ಗಡ್ಡ ಸವರಿಕೊಂಡರು. "ದವಾ ಮತ್ತು ಬಾರೂದ್ ಎರಡಕ್ಕೂ ಒಂದೇ ಹೆಸರು? ಹಾಗಿದ್ದರೆ ನಿಮ್ಮ ಜನ ಡಾಕ್ಟರ್ ಹತ್ತಿರ ಹೋಗುವ ಧೈರ್ಯ ಹೇಗೆ ಮಾಡುತ್ತಾರೆ?"

ಡ್ರೈವರ್ ಕೂಡ ನಕ್ಕುಬಿಟ್ಟರು, ನಕ್ಕು ತಲೆ ತಗ್ಗಿಸಿದರು.

ನಾನು ಕೇಸುಗಳನ್ನು ಮೇಜಿನ ಮೇಲಿಟ್ಟೆ. ಮುದೀರ್ ಒಂದರ ಪ್ರೈಮರ್ ಮೇಲೆ ಉಗುರು ಆಡಿಸಿದರು, ಅಂಚು ಸಿಕ್ಕಿತು. ಇನ್ನೊಂದರ ಮೇಲೆ ಆಡಿಸಿದರು, ಉಗುರು ಜಾರಿತು. ಕರಿ ಉಂಗುರವನ್ನು ಹೆಬ್ಬೆರಳಿನಿಂದ ಒರೆಸಿ ನೋಡಿದರು. ಹೋಗಲಿಲ್ಲ.

"ಎರಡೂ ಒಂದೇ ಕೆಲಸ ಮಾಡುತ್ತವೆ ಎಂದಿರಿ" ಎಂದು ಚೀಫ್‌ಗೆ ಹೇಳಿದರು.

"ತಂಪಾಗಿಟ್ಟರೆ, ಸರ್. ಮನುಷ್ಯ ಸರಿಯಾಗಿದ್ದರೆ."

ನನಗೆ ತಡೆಯಲಾಗಲಿಲ್ಲ. "ಸರ್, ಈ ಡ್ರೈವರನ್ನು ಕಳಿಸಿ ಬೇರೆ ಡ್ರೈವರ್ ತರಬಹುದು. ನನ್ನನ್ನು ಕಳಿಸಿ ಇನ್ನೊಬ್ಬ ಸ್ಟೋರ್ ಇನ್‌ಚಾರ್ಜ್ ತರಬಹುದು. ಬಿಸಿಲನ್ನು ಕ್ಯಾನ್ಸಲ್ ಮಾಡಲಾಗುತ್ತದೆಯೇ? ನಾನು ಕಡ್ಡಿ ಮದ್ದಿಗೆ ಮಾತ್ರ ಸಹಿ ಹಾಕುತ್ತೇನೆ. ಇವರಿಗೆ ಶಿಕ್ಷೆ ಕೊಡುವ ಕಾಗದವನ್ನು ಟೈಪ್ ಕೂಡ ಮಾಡುವುದಿಲ್ಲ. ಶಬ್ದ ನನ್ನದು."

"ಮ್ಯಾಚಿಗೆ ತೋಟಾ?" ಎಂದರು ಚೀಫ್. "ಕಡ್ಡಿಯನ್ನು ಒಂದೊಂದೇ ತೂಗುತ್ತಾ ಕೂರುವವರು ಯಾರು?"

"ನಾನು ಕೂರುತ್ತೇನೆ."

ಮುದೀರ್ ಗಾವಾ, ಅಲ್ಲಿನ ಏಲಕ್ಕಿ ಕಾಫಿ, ತರಿಸಿದರು.  ಅದನ್ನು ಕುಡಿದು ಮುಗಿಸಿ, ಅರ್ಜಿಯನ್ನು ನನ್ನ ಕಡೆ ಸರಿಸಿ, "ಮೊದಲು ಮೇಡಂ" ಎಂದರು. ನಾನು ಕಡ್ಡಿ ಮದ್ದಿನ ಹೆಸರು ಬರೆದು ಸಹಿ ಹಾಕಿದೆ. ಚೀಫ್ ಕನ್ನಡಕ ಹಾಕಿ, ಕೊನೆಯವರೆಗೆ ಓದಿ, ತಾವೂ ಹಾಕಿದರು. ಡ್ರೈವರ್ ಕಡೆ ನೋಡಿ ಮುದೀರ್, "ಯಲ್ಲಾ, ಗಾಡಿ ನೆರಳಿಗೆ ಹಾಕು" ಎಂದರು.

ಸೋತವರಿಗೆ ಒಂದು ಗೆಲುವು ಬೇಕಾಗುತ್ತದೆ. ಮಾರನೆಯ ವಾರ ಸ್ಟೋರಿನ ಬಾಗಿಲ ಮೇಲೆ ಒಂದು ಹಲಗೆ ತೂಗುತ್ತಿತ್ತು. "ಇಂಗ್ಲಿಷ್ ಓನ್ಲಿ ಇನ್ ಸ್ಟೋರ್. ಸೇ ಪೌಡರ್." ಚೀಫ್ ಕೈಬರಹ, ಅಕ್ಷರ ಚೆನ್ನಾಗಿತ್ತು. ಅದರ ಕೆಳಗೆ ನಿಂತಾಗ ಎದೆಯ ಆ ಹಳೆಯ ಜಾಗ ನೆನಪಾಯಿತು. ಸುರಕ್ಷತೆಯ ದೃಷ್ಟಿಯಿಂದ ಅವರು ಹೇಳಿದ್ದರಲ್ಲಿ ನ್ಯಾಯವಿತ್ತು, ಅದಕ್ಕೇ ಹಲಗೆ ತೆಗೆಯಲಿಲ್ಲ. ಆದರೆ ಅಂಗಡಿಯಿಂದ ಕೆಂಪು ಪೇಂಟ್ ತರಿಸಿ, ಮರದ ಪೆಟ್ಟಿಗೆಯ ನಾಲ್ಕೂ ಬದಿಗೆ ಅಂಗೈಯಗಲದ ಕನ್ನಡ ಅಕ್ಷರದಲ್ಲಿ ಬರೆದೆ: ಮದ್ದು. ಫಸ್ಟ್ ಏಡ್ ಬಾಕ್ಸಿನ ಮೇಲೆ: ಔಷಧಿ.

"ಏನದು?" ಎಂದರು ಚೀಫ್.

"ಬರೆದದ್ದು, ಚೀಫ್. ಹಲಗೆಯಲ್ಲಿ 'ಸೇ' ಎಂದು ಮಾತ್ರ ಇದೆ."

ಆ ಬೇಸಿಗೆಯಿಡೀ ತೂಗುತ್ತಾ ಕೂತೆ. ಕರಕ್ ಎಂದಾಗ ಸುರಿದು ಮತ್ತೆ ತೂಗುವುದು, ಕುತ್ತಿಗೆ ಹಿಡಿದುಕೊಂಡಾಗ ಎದ್ದು ನಿಲ್ಲುವುದು. ಯಂತ್ರದ ಹಿಡಿಕೆಯನ್ನು ಒಂದೇ ಲಯದಲ್ಲಿ ಎಳೆದು, ಕೆಳಗೆ ಎರಡು ಸಲ ತಟ್ಟಿದರೆ ಕಡ್ಡಿ ಕಡಿಮೆ ಸಿಕ್ಕುತ್ತದೆ ಎಂದು ಕಂಡುಕೊಂಡೆ. ಆದರೂ ತೂಗುವುದು ಬಿಡಲಿಲ್ಲ. ಡ್ರೈವರ್ ಪ್ರತಿ ಟ್ರಿಪ್ಪಿಗೂ ತಪ್ಪದೆ ತಲೆ ಹಾಕಿ ಕೇಳುತ್ತಿದ್ದರು, "ಅಕ್ಕ, ಯಾವುದು ಕೊಂಡು ಹೋಗುವುದು? ನುಂಗುವ ಮದ್ದಾ, ಉರಿಯುವ ಮದ್ದಾ?" ಮ್ಯಾಚಿಗೆ ತೋಟಾ ಸಾಲದೆ ಬರಲಿಲ್ಲ.

ಇನ್ನೊಂದು ಬೇಸಿಗೆ ಬಂತು. ಒಂದು ಮಧ್ಯಾಹ್ನ ಚೀಫ್ ಬೆವರೊರೆಸುತ್ತಾ ಸ್ಟೋರಿಗೆ ನುಗ್ಗಿದರು. ವ್ಯಾನು ಹೊರಗೆ ಬಿಸಿಲಲ್ಲಿ ನಿಂತಿತ್ತು.

"ಮೇಡಂ! ಮದ್ದು ಒಳಗೆ ಬಂತಾ?"

ಮದ್ದು ಎಂದೇ ಕೇಳಿದರು, ದ್ದು ಮೇಲೆ ಸರಿಯಾಗಿ ಒತ್ತು ಕೊಟ್ಟು. ನಾನು ತಕ್ಕಡಿಯಿಂದ ಕಣ್ಣೆತ್ತದೆ ಬಾಗಿಲ ಮೇಲಿನ ಹಲಗೆಗೆ ಬೆರಳು ತೋರಿಸಿದೆ.

"ಇಂಗ್ಲಿಷ್ ಓನ್ಲಿ, ಚೀಫ್."